ಒಕ್ಕೊರಲು ಎಂದರೆ ಏನು? ಹಲವು ದನಿ ಒಂದಾಗಿ ಕೇಳುವ ಬಗೆ

ಮಳೆ ಹಿಂದೆ ಸರಿಯುವ ಹೊತ್ತಿಗೆ ಕಾಸರಗೋಡಿನ ಶಾಲೆಗಳಲ್ಲಿ ಕಲೋತ್ಸವದ, ಅಂದರೆ ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆಗಳ, ಗಡಿಬಿಡಿ ಸುರುವಾಗುತ್ತದೆ. ಮೊದಲು ಶಾಲಾ ಮಟ್ಟ, ಆಮೇಲೆ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗ ಎಂದು ಉಪಜಿಲ್ಲೆಗಳು, ಅಲ್ಲಿಂದ ಜಿಲ್ಲೆ, ಕೊನೆಗೆ ರಾಜ್ಯ. 2019ರಲ್ಲಿ ರಾಜ್ಯ ಕಲೋತ್ಸವವೇ ನಮ್ಮ ಜಿಲ್ಲೆಯ ಕಾಞಂಗಾಡಿಗೆ ಬಂದಿತ್ತು. ಈ ಉತ್ಸವದಲ್ಲಿ ಒಬ್ಬೊಬ್ಬರೇ ಹಾಡುವ ಸ್ಪರ್ಧೆಗಳ ಜತೆಗೆ ಸಮೂಹ ಗಾನ, ದೇಶಭಕ್ತಿ ಗೀತೆ, ಒಪ್ಪನ, ಕೋಲ್ಕಳಿ, ಪೂರಕ್ಕಳಿ, ವಂಚಿಪ್ಪಾಟ್ಟು ಹೀಗೆ ಗುಂಪಾಗಿ ದನಿ ಕೂಡಿಸಬೇಕಾದವು ಬೇಕಾದಷ್ಟಿವೆ. ಅವು ಮುಗಿದ ಮೇಲೆ ತೀರ್ಪುಗಾರರ ಬಾಯಿಂದ ಮತ್ತೆಮತ್ತೆ ಬರುವ ಮಾತು ಒಂದುಂಟು: “ಹಾಡಿನ ಆಯ್ಕೆ ಒಳ್ಳೆಯದು, ಯೂನಿಸನ್ ಸಾಲದು.”

ಬೆಳಗ್ಗಿನಿಂದ ಚೌಲ್ಟ್ರಿಯಲ್ಲೋ ಕ್ಲಾಸ್‌ರೂಮಿನಲ್ಲೋ ಕಾದು ಕುಳಿತ ತಂದೆತಾಯಿಯರಿಗೆ ಇದು ಅರ್ಥವಾಗುವುದಿಲ್ಲ. ಮಕ್ಕಳೆಲ್ಲ ಒಟ್ಟಿಗೇ ಸುರುಮಾಡಿದರು, ಒಟ್ಟಿಗೇ ನಿಲ್ಲಿಸಿದರು, ಸಾಹಿತ್ಯ ಯಾರೂ ತಪ್ಪಲಿಲ್ಲ. ಇನ್ನೇನು ಬೇಕಿತ್ತು? ಬೇಕಾದ್ದು ಏನು, ಅದು ಹೇಗೆ ಬರುತ್ತದೆ, ಯಾಕೆ ತಪ್ಪುತ್ತದೆ ಎಂಬುದನ್ನು ಬುಡದಿಂದ ನೋಡೋಣ. ಸಂಗೀತ ಕಲಿಯದವರಿಗೂ ಇದು ಕೈಗೆ ಸಿಗುವ ವಿಷಯವೇ.

ಪತ್ರಿಕೆಯ ಒಕ್ಕೊರಲು, ಹಾಡಿನ ಒಕ್ಕೊರಲು

ಯೂನಿಸನ್‌ಗೆ ಕನ್ನಡದಲ್ಲಿ ಒಕ್ಕೊರಲು ಎನ್ನುತ್ತೇವೆ, ಏಕಕಂಠ ಎಂದೂ ಹೇಳುವುದುಂಟು. ಪತ್ರಿಕೆ ಓದುವವರಿಗೆ ಇದು ದಿನದ ಮಾತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗಿನಿಂದ “ಗಡಿನಾಡ ಕನ್ನಡಿಗರ ಒಕ್ಕೊರಲ ಬೇಡಿಕೆ” ಎಂಬ ತಲೆಬರಹ ನಮ್ಮ ಕಡೆಯ ಸುದ್ದಿಗಳಲ್ಲಿ ಹಳೆಯ ಪರಿಚಯ. ಇಲ್ಲಿ ಕೂಡಿದ್ದು ಅಭಿಪ್ರಾಯ. ಬೇಡಿಕೆ ಇಟ್ಟವರು ಬೇರೆಬೇರೆ ದಿನ, ಬೇರೆಬೇರೆ ವೇದಿಕೆಯಲ್ಲಿ ಮಾತಾಡಿದ್ದರೂ, ಕೆಲವರು ಬರೀ ಸಹಿ ಹಾಕಿದ್ದರೂ ಒಕ್ಕೊರಲು ಎಂದರೆ ತಪ್ಪಾಗುವುದಿಲ್ಲ.

ಮೆರವಣಿಗೆಯ ಘೋಷಣೆ ಇದಕ್ಕಿಂತ ಒಂದು ಹೆಜ್ಜೆ ಬಿಗಿ. ಒಬ್ಬರು ಕೂಗುತ್ತಾರೆ, ಉಳಿದವರು ಒಂದೇ ಕ್ಷಣಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ. ದೇವಸ್ಥಾನದಲ್ಲಿ “ಗೋವಿಂದಾ” ಎಂದು ಜನ ಒಟ್ಟಾಗಿ ಕೂಗುವುದೂ ಹಾಗೆಯೇ. ಶಬ್ದ ಒಂದು, ಹೊತ್ತು ಒಂದು. ಆದರೆ ಒಬ್ಬರ ದನಿ ಗಡಸು, ಇನ್ನೊಬ್ಬರದು ಕೀರಲು, ಮಗುವಿನದು ಎಲ್ಲಕ್ಕಿಂತ ಮೇಲೆ. ಅದನ್ನು ಯಾರೂ ಕೊರತೆ ಎನ್ನುವುದಿಲ್ಲ.

ಹಾಡಿನಲ್ಲಿ ಮಾತ್ರ ಇಷ್ಟು ಸಾಲುವುದಿಲ್ಲ. ಶಬ್ದ, ಹೊತ್ತು ಎರಡರ ಜತೆಗೆ ಸ್ವರವೂ ಒಂದೇ ಆಗಬೇಕು. ಕಲೋತ್ಸವದ ವೇದಿಕೆಯಲ್ಲಿ ತಂದೆತಾಯಿ ಕೇಳಿಸಿಕೊಂಡದ್ದು ಘೋಷಣೆಯ ಒಕ್ಕೊರಲು, ತೀರ್ಪುಗಾರರು ಹುಡುಕಿದ್ದು ಹಾಡಿನ ಒಕ್ಕೊರಲು.

ಇದೇ ಸಾಲಿನಲ್ಲಿ ಗೊಂದಲ ಹುಟ್ಟಿಸುವ ಇನ್ನೊಂದು ಪದ ಧ್ವನಿಮತ. ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು ಎಂದರೆ ಎಲ್ಲರೂ ಒಪ್ಪಿದರು ಎಂದಲ್ಲ. ಪರ ಇರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಎಂದು ಸ್ಪೀಕರ್ ಕೇಳುತ್ತಾರೆ. ಯಾವ ಸದ್ದು ಹೆಚ್ಚು ಎಂದು ಕಿವಿಯಲ್ಲೇ ಅಂದಾಜು ಮಾಡಿ ತೀರ್ಮಾನ ಹೇಳುತ್ತಾರೆ. ಒಪ್ಪದ ಸದಸ್ಯರು ಮತ ಎಣಿಸಿ ಎಂದು ಕೇಳಬಹುದು. ಎಲ್ಲರೂ ಒಪ್ಪಿದ್ದಕ್ಕೆ ಸರ್ವಾನುಮತ ಎಂಬ ಬೇರೆಯೇ ಪದವಿದೆ. ಧ್ವನಿಮತವನ್ನೂ ಒಕ್ಕೊರಲು ಎಂದು ಬರೆದುಬಿಟ್ಟರೆ ಓದುಗರಿಗೆ ಸಿಗುವುದು ತಪ್ಪು ಚಿತ್ರ.

ಸ್ವರದ ಎತ್ತರ

ನಮ್ಮ ಕಡೆ “ಅವರ ಸ್ವರ ಒಳ್ಳೇದುಂಟು” ಎಂದರೆ ಕಂಠ ಚೆನ್ನಾಗಿದೆ ಎಂದು ಅರ್ಥ. ಇಲ್ಲಿ ಗೊಂದಲ ಬೇಡ ಎಂದು ಕೊರಳಿನದನ್ನು ದನಿ ಎಂದೂ, ಸರಿಗಮದ್ದನ್ನು ಸ್ವರ ಎಂದೂ ಕರೆಯುತ್ತೇನೆ.

ಸದ್ದು ಹುಟ್ಟುವುದು ಕಂಪನದಿಂದ. ತಂತಿ ಮೀಟಿದಾಗ, ಹಾರ್ಮೋನಿಯಂನ ರೀಡಿಗೆ ಗಾಳಿ ಹೊಡೆದಾಗ, ಗಂಟಲಿನ ಧ್ವನಿತಂತುಗಳು ಅದುರಿದಾಗ ಪಕ್ಕದ ಗಾಳಿಯೂ ಅದುರುತ್ತದೆ. ಒಂದು ಸೆಕೆಂಡಿಗೆ ಎಷ್ಟು ಸಲ ಅದುರಿತು ಎಂಬ ಲೆಕ್ಕವೇ ಹರ್ಟ್ಜ್. ಹೆಚ್ಚು ಸಲ ಅದುರಿದರೆ ಸ್ವರ ಮೇಲೆ, ಕಡಿಮೆ ಸಲವಾದರೆ ಸ್ವರ ಕೆಳಗೆ. ಜೋರಾಗಿ ಹಾಡುವುದಕ್ಕೂ ಮೇಲೆ ಹಾಡುವುದಕ್ಕೂ ಸಂಬಂಧವಿಲ್ಲ. ಮೆಲುದನಿಯಲ್ಲೂ ಮೇಲಿನ ಸ್ವರ ಹಾಡಬಹುದು. ಮಕ್ಕಳಿಗೆ “ಇನ್ನೂ ಮೇಲೆ ಹೇಳಿ” ಎಂದಾಗ ಅವರು ಬೊಬ್ಬೆ ಹಾಕುವುದು ಇವೆರಡೂ ಒಂದೇ ಎಂದು ತಿಳಿದಿರುವುದರಿಂದ.

ಹಾರ್ಮೋನಿಯಂನಲ್ಲಿ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಎಂದು ಮನೆಗಳಿವೆ. ಭಾಗವತರು “ಕಪ್ಪು ಒಂದು ಕೊಡಿ” ಎಂದರೆ ಆ ಮನೆಯ ಸ್ವರವನ್ನು ತನ್ನ ಷಡ್ಜವಾಗಿ, ಅಂದರೆ ‘ಸ’ ಆಗಿ ಹಿಡಿಯುತ್ತೇನೆ ಎಂದರ್ಥ. ಅದೇ ಶ್ರುತಿ. ಈಗ ಎಲ್ಲೆಡೆ ಒಪ್ಪಿಕೊಂಡ ಅಳತೆಯಂತೆ ಬಿಳಿ ಆರನೆಯ ಮನೆ 440 ಹರ್ಟ್ಜ್ ಇದ್ದರೆ, ಅದೇ ಸ್ಥಾಯಿಯ (ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ ಸಾಲಿನ) ಬಿಳಿ ಒಂದು 261.6 ಹರ್ಟ್ಜ್ ಆಗುತ್ತದೆ.

ಇಬ್ಬರು ಹಾಡುವ ಸ್ವರಗಳ ಕಂಪನ ಒಂದೇ ಲೆಕ್ಕಕ್ಕೆ ಬಂದರೆ, ಅಂದರೆ ಒಂದಕ್ಕೆ ಒಂದು ಎಂಬ ಅನುಪಾತವಿದ್ದರೆ, ಅದು ಯೂನಿಸನ್. ಸಂಗೀತಶಾಸ್ತ್ರ ಇದನ್ನೂ ಎರಡು ಸ್ವರಗಳ ನಡುವಿನ ಅಂತರ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಅಂತರ ಸೊನ್ನೆ, ಅಷ್ಟೇ.

ಕೂಡಿದೆಯೋ ಇಲ್ಲವೋ ಕಿವಿಗೆ ಗೊತ್ತಾಗುವ ಬಗೆ

ಒಂದು ಸ್ವರ 200 ಹರ್ಟ್ಜ್, ಇನ್ನೊಂದು 203 ಎಂದಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಕೇಳಿದರೆ ವ್ಯತ್ಯಾಸ ಹಿಡಿಯುವುದು ಕಷ್ಟ. ಒಟ್ಟಿಗೆ ನುಡಿಸಿದರೆ ಮಾತ್ರ ಸದ್ದು ಒಂದೇ ಸಮ ನಿಲ್ಲದೆ ಉಬ್ಬಿ ತಗ್ಗಿ, ಉಬ್ಬಿ ತಗ್ಗಿ ಸಾಗುತ್ತದೆ. ಸೆಕೆಂಡಿಗೆ ಸರಿಯಾಗಿ ಮೂರು ಸಲ, ಯಾಕೆಂದರೆ ಎರಡರ ನಡುವಿನ ವ್ಯತ್ಯಾಸ ಮೂರು. ಭೌತಶಾಸ್ತ್ರ ಇದನ್ನು ವಿಸ್ಪಂದ ಎನ್ನುತ್ತದೆ. ನಾವು ಅಲೆ ಎನ್ನೋಣ.

ಇದು ಹೇಗೆ ಆಗುತ್ತದೆ ಎನ್ನಲು ಕಾಸರಗೋಡು ಬಸ್‌ಸ್ಟ್ಯಾಂಡಿನ ಉದಾಹರಣೆ ಸಾಕು. ಹೊರಡಲು ನಿಂತ ಎರಡು ಬಸ್ಸುಗಳ ಇಂಡಿಕೇಟರ್ ಮಿನುಗುತ್ತಿರುತ್ತವೆ. ಎರಡರ ವೇಗದಲ್ಲಿ ತುಸು ಹೆಚ್ಚುಕಮ್ಮಿ. ಸ್ವಲ್ಪ ಹೊತ್ತು ಎರಡೂ ಒಟ್ಟಿಗೇ ಮಿನುಗುತ್ತವೆ, ನಿಧಾನಕ್ಕೆ ಹೆಜ್ಜೆ ತಪ್ಪಿ ಒಂದು ಹೊತ್ತಿದಾಗ ಇನ್ನೊಂದು ಆರುತ್ತದೆ, ಮತ್ತೆ ಒಟ್ಟಾಗುತ್ತವೆ. ಸದ್ದಿನ ಎರಡು ಕಂಪನಗಳೂ ಹಾಗೆಯೇ. ಒಟ್ಟಾದಾಗ ಒಂದಕ್ಕೊಂದು ಬಲ ಕೊಡುತ್ತವೆ, ಸದ್ದು ಉಬ್ಬುತ್ತದೆ. ಎದುರುಬದುರಾದಾಗ ಒಂದನ್ನೊಂದು ಅಳಿಸುತ್ತವೆ, ಸದ್ದು ತಗ್ಗುತ್ತದೆ. ಎರಡರ ವೇಗ ಸರಿಹೊಂದಿದ ಕ್ಷಣಕ್ಕೆ ಅಲೆ ನಿಂತುಹೋಗುತ್ತದೆ.

ವಾದ್ಯ ಕೂಡಿಸುವವರೆಲ್ಲ ಇದೇ ಅಲೆಯನ್ನು ನೆಚ್ಚಿಕೊಂಡಿದ್ದಾರೆ. ತಂಬೂರಿಗೆ ನಾಲ್ಕು ತಂತಿ: ಒಂದು ಪಂಚಮಕ್ಕೆ (‘ಪ’), ನಡುವಿನ ಎರಡು ಮಧ್ಯ ಷಡ್ಜಕ್ಕೆ, ಕೊನೆಯದು ಅದರ ಕೆಳಗಿನ ಷಡ್ಜಕ್ಕೆ. ನಡುವಿನ ಸಾರಣಿ, ಅನುಸಾರಣಿ ತಂತಿಗಳು ಪೂರ್ತಿ ಒಂದೇ ಸ್ವರಕ್ಕೆ ನಿಲ್ಲಬೇಕು. ಕಲಾವಿದರು ಮೊದಲು ಬಿರಡೆ ತಿರುಗಿಸಿ ಹತ್ತಿರಕ್ಕೆ ತರುತ್ತಾರೆ. ಎರಡೂ ತಂತಿ ಮೀಟಿದರೆ ಆಗ ಗುಂಯ್‌ಗುಂಯ್ ಎಂದು ಬೇಗಬೇಗ ಅಲೆ. ಆಮೇಲೆ ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಪಟ್ಟಿಯ) ಬಳಿ ತಂತಿಗೆ ಪೋಣಿಸಿದ ಸಣ್ಣ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಅಲೆ ನಿಧಾನವಾಗುತ್ತದೆ. ಇನ್ನೂ ತುಸು ಸರಿಸಿದರೆ ಎರಡು ತಂತಿ ಎಂದು ಬೇರ್ಪಡಿಸಿ ಕೇಳಲಾಗದ ಹಾಗೆ ಒಂದೇ ನಾದ. ಪಿಯಾನೊದಲ್ಲಿಯೂ ಹೆಚ್ಚಿನ ಮನೆಗಳಿಗೆ ಮೂರು ಮೂರು ತಂತಿಗಳಿದ್ದು, ಮೂರನ್ನೂ ಹೀಗೆ ಒಂದೇ ಸ್ವರಕ್ಕೆ ತರಬೇಕು.

ಭಜನಾ ಮಂದಿರದ ಹಳೆಯ ಹಾರ್ಮೋನಿಯಂಗಳಲ್ಲಿ ಇದರ ಉಲ್ಟಾ ಸಿಗುತ್ತದೆ. ಎರಡು ಸಾಲು ರೀಡ್ ಇರುವ ಪೆಟ್ಟಿಗೆಯಲ್ಲಿ ಒಂದು ರೀಡಿಗೆ ಧೂಳು ಹಿಡಿದರೆ, ನಮ್ಮ ಕರಾವಳಿಯ ತೇವಕ್ಕೆ ಕಿಲುಬು ಕಟ್ಟಿದರೆ ಅದರ ಸ್ವರ ಬದಲಾಗುತ್ತದೆ. ಆ ಮನೆ ಒತ್ತಿದಾಗ ಮಾತ್ರ ಸದ್ದು ನಡುಗುತ್ತದೆ. ರಿಪೇರಿ ಮಾಡುವವರು ರೀಡಿನ ತುದಿಯನ್ನು ಸ್ವಲ್ಪ ಕೆರೆದು ಸ್ವರ ಏರಿಸುತ್ತಾರೆ, ಬುಡದಲ್ಲಿ ಕೆರೆದು ಇಳಿಸುತ್ತಾರೆ. ಅಲೆ ನಿಂತಲ್ಲಿಗೆ ಕೆಲಸ ಮುಗಿಯಿತು.

ಸಮೂಹ ಗಾನದಲ್ಲಿ ತೀರ್ಪುಗಾರರ ಕಿವಿಗೆ ಮೊದಲು ತಾಗುವುದೂ ಈ ನಡುಕವೇ. ಉದ್ದಕ್ಕೆ ಎಳೆದು ನಿಲ್ಲಿಸುವ ಸ್ವರಗಳಲ್ಲಿ, ಮುಖ್ಯವಾಗಿ ಪಲ್ಲವಿಯ ಕೊನೆಯ ಷಡ್ಜದಲ್ಲಿ ಅದು ಬಯಲಿಗೆ ಬರುತ್ತದೆ. ಬೇಗಬೇಗ ಓಡುವ ಸಾಲುಗಳಲ್ಲಿ ಅಡಗಿಕೊಳ್ಳುತ್ತದೆ.

ಗಂಡಸರು, ಹೆಂಗಸರು, ಒಡೆಯುವ ದನಿಯ ಹುಡುಗರು

ಒಂದು ಮಂದಿರದ ಭಜನೆಯನ್ನು ನೆನೆಸಿಕೊಳ್ಳಿ. ಮುಂದೆ ಹಾರ್ಮೋನಿಯಂ, ಒಂದು ಜತೆ ತಾಳ, ಹಾಡಿಕೊಡುವವರು ಒಬ್ಬರು. ಅವರು ಒಂದು ಸಾಲು ಹೇಳುತ್ತಾರೆ. ಅದನ್ನೇ ಎತ್ತಿಕೊಳ್ಳುವಾಗ ಗಂಡಸರು ಅದೇ ಜಾಗದಲ್ಲಿ, ಹೆಂಗಸರು ಮತ್ತು ಮಕ್ಕಳು ಅದರ ಮೇಲಿನ ಸ್ಥಾಯಿಯಲ್ಲಿ ಹಾಡುವುದುಂಟು. ಕೆಳಗಿನ ‘ಸ’ 130 ಹರ್ಟ್ಜ್ ಆದರೆ ಮೇಲಿನದು 260, ಸರಿಯಾಗಿ ಎರಡರಷ್ಟು. ಕಟ್ಟುನಿಟ್ಟಾಗಿ ಹೇಳಿದರೆ ಇದು ಯೂನಿಸನ್ ಅಲ್ಲ, ಒಂದು ಸ್ಥಾಯಿಯ ಅಂತರ. ಆದರೆ ಕೆಳಗಿನ ಸ್ವರ ಒಮ್ಮೆ ಅದುರುವಷ್ಟರಲ್ಲಿ ಮೇಲಿನದು ತಪ್ಪದೆ ಎರಡು ಸಲ ಅದುರುವುದರಿಂದ ಎರಡಕ್ಕೂ ಜಗಳವೇ ಹುಟ್ಟುವುದಿಲ್ಲ. ಕಿವಿ ಎರಡನ್ನೂ ‘ಸ’ ಎಂದೇ ಗುರುತಿಸುತ್ತದೆ. ಅದಕ್ಕೇ ಬಳಕೆಯಲ್ಲಿ ಇದನ್ನೂ ಒಕ್ಕೊರಲು ಎಂದೇ ಒಪ್ಪಿಕೊಂಡಿದ್ದಾರೆ.

ತೊಡಕು ಇರುವುದು ಇನ್ನೊಂದು ಕಡೆ. ಗಂಡು ಹೆಣ್ಣಿನ ದನಿಗಳ ಅನುಕೂಲದ ಶ್ರುತಿ ಒಂದು ಸ್ಥಾಯಿಯಷ್ಟು ದೂರ ಇರುವುದಿಲ್ಲ. ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಬಿಳಿ ಒಂದರ ಆಸುಪಾಸಿನಲ್ಲಿ, ಹೆಂಗಸರು ಬಿಳಿ ಐದರ ಆಸುಪಾಸಿನಲ್ಲಿ ಹಾಡುತ್ತಾರೆ. ಇವೆರಡರ ನಡುವಿನ ದೂರ ಸ–ಪ ಅಂತರದಷ್ಟು. ಗಂಡಸರ ಶ್ರುತಿ ಹಿಡಿದರೆ ಹೆಂಗಸರಿಗೆ ಅದೇ ಸ್ಥಾಯಿ ಪಾತಾಳ, ಮೇಲಿನ ಸ್ಥಾಯಿ ಆಕಾಶ. ಹೆಂಗಸರ ಶ್ರುತಿ ಹಿಡಿದರೆ ಗಂಡಸರು ಚರಣದಲ್ಲಿ ಕತ್ತಿನ ನರ ಉಬ್ಬಿಸಬೇಕು. ಬಿಳಿ ಮೂರೋ ನಾಲ್ಕೋ ಎಂದು ನಡುವೆ ಎಲ್ಲೋ ನಿಲ್ಲುವುದೇ ರೂಢಿ. ಗಂಡಸರು ಮೇಲಿನ ಸ್ವರಗಳಲ್ಲಿ ಸ್ವಲ್ಪ ಕಷ್ಟಪಡುತ್ತಾರೆ, ಹೆಂಗಸರು ಕೆಳಗಿನ ಸ್ವರಗಳಲ್ಲಿ. ಹಾಡಿಕೊಡುವವರ ಜಾಣತನದ ಅರ್ಧ ಪಾಲು ಈ ಶ್ರುತಿ ಆರಿಸುವುದರಲ್ಲೇ ಇದೆ ಎನ್ನುತ್ತೇನೆ.

ಶ್ರುತಿ ಯಾರಿಗೆ ಎಟುಕಲಿಲ್ಲವೋ ಅವರು ಸುಮ್ಮನಾಗುವುದಿಲ್ಲ, ತಿಳಿಯದೆಯೇ ಬೇರೆ ಜಾಗ ಹುಡುಕಿಕೊಳ್ಳುತ್ತಾರೆ. ಹೆಚ್ಚಾಗಿ ಅದು ಪಂಚಮ. ಇಡೀ ಹಾಡನ್ನು ‘ಪ’ದಿಂದ ಸುರುಮಾಡಿದ ಹಾಗೆ, ಧಾಟಿ ಸ್ವಲ್ಪವೂ ತಪ್ಪದೆ ಹಾಡಿಕೊಂಡು ಹೋಗುತ್ತಾರೆ. ಸ ಮತ್ತು ಪ ಎರಡಕ್ಕೆ ಮೂರರ ಅನುಪಾತದಲ್ಲಿ ಚೆನ್ನಾಗಿ ಹೊಂದುವ ಸ್ವರಗಳಾದ್ದರಿಂದ ತಾನು ಕೂಡಿಕೊಂಡೇ ಹಾಡುತ್ತಿದ್ದೇನೆ ಎಂದು ಅವರ ಕಿವಿ ನಂಬುತ್ತದೆ.

ಹೈಸ್ಕೂಲ್ ತಂಡಗಳಿಗೆ ಇನ್ನೊಂದು ಪೇಚು. ಹನ್ನೆರಡು, ಹದಿಮೂರು, ಹದಿನಾಲ್ಕರ ಹೊತ್ತಿಗೆ ಹುಡುಗರ ಗಂಟಲು ಬೆಳೆದು ಧ್ವನಿತಂತು ಉದ್ದ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಅದೂ ಒಂದೇ ದಿನದಲ್ಲಲ್ಲ. ನಡುವಿನ ತಿಂಗಳುಗಳಲ್ಲಿ ಕೆಲವು ಸ್ವರಗಳು ಕೈಗೇ ಸಿಗುವುದಿಲ್ಲ, ಹಾಡುತ್ತಿದ್ದಂತೆ ದನಿ ಒಡೆಯುತ್ತದೆ. ಜೂನ್‌ನಲ್ಲಿ ತಂಡಕ್ಕೆ ಆರಿಸಿದ ಹುಡುಗ ನವೆಂಬರ್ ಹೊತ್ತಿಗೆ ಅದೇ ಹಾಡನ್ನು ಅದೇ ಶ್ರುತಿಯಲ್ಲಿ ಹಾಡಲಾರದೆ ಹೋದರೆ ಅದು ಅವನ ಅಸಡ್ಡೆ ಅಲ್ಲ. ಅವನಿಗೆ ಬಯ್ಯಬೇಡಿ. ಶ್ರುತಿ ಇಳಿಸಿ, ಇಲ್ಲವೇ ಅವನಿಗೆ ಕೆಳಗಿನ ಸ್ಥಾಯಿಯಲ್ಲಿ ಹಾಡಲು ಹೇಳಿ.

ಹೊತ್ತು ತಪ್ಪಿಸುವ ಗಾಳಿ, ತಪ್ಪಿಸುವ ಫೋನು

ಸ್ವರ ಸರಿಯಿದ್ದೂ ಒಕ್ಕೊರಲು ಕೆಡಬಹುದು. ಸದ್ದು ಗಾಳಿಯಲ್ಲಿ ಸಾಗಲು ಸಮಯ ಬೇಕು. ನಮ್ಮ ಬಿಸಿಲಿಗೆ ಅದರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಶಾಲೆಯ ಮೈದಾನದ ಅಸೆಂಬ್ಲಿಯಲ್ಲಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ 70 ಮೀಟರ್ ಇದ್ದರೆ ಮುಂದಿನ ದನಿ ಹಿಂದಕ್ಕೆ ತಲಪಲು ಸೆಕೆಂಡಿನ ಐದನೇ ಒಂದು ಪಾಲು ಬೇಕು. ರಾಷ್ಟ್ರಗೀತೆ ಪೂರ್ತಿ ಹಾಡಲು ಇರುವುದೇ ಸುಮಾರು 52 ಸೆಕೆಂಡು. ಹಿಂದಿನವರು ಕೇಳಿಸಿಕೊಂಡು ಹಾಡಿದರೆ ಅರ್ಧ ಅಕ್ಷರದಷ್ಟು ಹಿಂದೆ. ಅವರ ದನಿ ಮತ್ತೆ ಮುಂದಿನವರಿಗೆ ತಲಪುವಾಗ ಇನ್ನಷ್ಟು ಹಿಂದೆ. ಅದನ್ನು ಕೇಳಿದ ಮುಂದಿನವರು ತಾವೇ ಬೇಗ ಹೋದೆವೇನೋ ಎಂದು ನಿಧಾನಿಸುತ್ತಾರೆ. ಹೀಗೆ ದೊಡ್ಡ ಗುಂಪಿನ ಹಾಡು ಎಳೆಯುತ್ತಾ ಹೋಗುತ್ತದೆ.

ಇದಕ್ಕಿರುವ ಮದ್ದು ಕಣ್ಣು. ಬೆಳಕಿಗೆ ಇಷ್ಟು ದೂರ ಲೆಕ್ಕಕ್ಕೇ ಇಲ್ಲ. ಎತ್ತರದಲ್ಲಿ ನಿಂತವರೊಬ್ಬರು ಕೈಯಲ್ಲಿ ತಾಳ ತೋರಿಸಿದರೆ ಎಲ್ಲ ಸಾಲುಗಳೂ ಒಂದೇ ಕ್ಷಣಕ್ಕೆ ನೋಡುತ್ತವೆ. ನೂರಾರು ಮಂದಿಯ ಗಾಯನ ಮಂಡಳಿಗಳಿಗೆ ಎದುರಲ್ಲಿ ನಿರ್ದೇಶಕರು ಬೇಕಾಗಿರುವುದು ಮುಖ್ಯವಾಗಿ ಇದಕ್ಕೆ. ಜಾತ್ರೆ ಗದ್ದೆಯಲ್ಲಿ ಕಂಬಕ್ಕೊಂದು ಕಟ್ಟಿದ ಧ್ವನಿವರ್ಧಕಗಳಿಂದ ಒಂದೇ ಹಾಡು ಎರಡೆರಡು ಸಲ ಕೇಳಿದಂತಾಗುವುದಕ್ಕೂ ಇದೇ ಕಾರಣ. ವಿದ್ಯುತ್ತು ಎಲ್ಲ ಕಂಬಕ್ಕೂ ಒಮ್ಮೆಗೇ ತಲಪಿರುತ್ತದೆ, ದೂರದ ಕಂಬದ ಸದ್ದು ಮಾತ್ರ ನಡೆದುಕೊಂಡು ಬರಬೇಕು.

2020ರ ಲಾಕ್‌ಡೌನ್ ಹೊತ್ತಿಗೆ ಮೊಬೈಲಿನಲ್ಲಿ ಒಟ್ಟಾಗಿ ಭಜನೆ ಮಾಡಲು ನೋಡಿದ ಮನೆಗಳು ಬಹಳ. ಮುಂಬಯಿಯ ಅಣ್ಣ, ದುಬೈಯ ಅಕ್ಕ, ಬದಿಯಡ್ಕದ ಅಮ್ಮ ಎಲ್ಲರೂ ಪರದೆಯಲ್ಲಿ ಸೇರಿದರೂ ಹಾಡು ಮಾತ್ರ ಚೆಲ್ಲಾಪಿಲ್ಲಿ. ಒಟ್ಟಿಗೆ ಹಾಡುವವರು ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲಿನಷ್ಟು ತಡವನ್ನು ಗಮನಕ್ಕೇ ಬಾರದ ಹಾಗೆ ಸರಿದೂಗಿಸಿಕೊಳ್ಳುತ್ತಾರೆ. ಗಾಳಿಯಲ್ಲಿ ಅದು ಹತ್ತು ಮೀಟರ್ ದೂರಕ್ಕೆ ಸಮ, ಒಂದು ಮಂದಿರದ ಉದ್ದ. ವೀಡಿಯೊ ಕರೆಯ ತಡ ಅದರ ಎಷ್ಟೋ ಪಟ್ಟು. ಸಾಲದ್ದಕ್ಕೆ, ಮಾತಿಗೆಂದು ಮಾಡಿದ ಆ ಆ್ಯಪ್‌ಗಳು ಯಾರ ದನಿ ಜೋರೋ ಅದನ್ನು ಮುಂದೆ ತಂದು ಉಳಿದದ್ದನ್ನು ಅಡಗಿಸುತ್ತವೆ. ಕೊನೆಗೆ ಒಬ್ಬರು ಹಾಡುವುದು, ಉಳಿದವರು ಮೈಕ್ ಬಂದ್ ಮಾಡಿ ತಮ್ಮ ತಮ್ಮ ಮನೆಯಲ್ಲಿ ದನಿಗೂಡಿಸುವುದು ಎಂದೇ ಆಯಿತು.

ಅಕ್ಷರದ ವಿಷಯ ಸಣ್ಣದು, ಆದರೂ ಹೇಳಬೇಕು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಕನ್ನಡ ಹಾಡು ಹೇಳುವಾಗ ಒಬ್ಬರ ‘ಅ’ ಬಾಯಿ ಅಗಲಿಸಿದ್ದು, ಇನ್ನೊಬ್ಬರದು ತುಟಿ ಕೂಡಿಸಿದ್ದು ಆಗಬಹುದು. ಬಾಯಿಯ ಆಕಾರ ಬದಲಾದರೆ ಸ್ವರ ಅದೇ ಇದ್ದರೂ ನಾದದ ಬಣ್ಣ ಬದಲಾಗಿ ದನಿಗಳು ಬೆರೆಯುವುದಿಲ್ಲ. ಎಳೆಯುವ ಸ್ವರಾಕ್ಷರಕ್ಕೆ ಎಲ್ಲರೂ ಬಾಯಿ ಒಂದೇ ರೀತಿ ತೆರೆಯುವುದು, ಸಾಲಿನ ಕೊನೆಯ ‘ತ್’, ‘ಸ್’ಗಳನ್ನು ಒಟ್ಟಿಗೇ ಮುಚ್ಚುವುದು, ಇವೆರಡನ್ನು ತಿದ್ದಿದರೆ ತಂಡದ ಅರ್ಧ ಕೊಳೆ ತೊಳೆದುಹೋಗುತ್ತದೆ.

ಒಂದೇ ಆಗಬೇಕು, ಒಬ್ಬರೇ ಹಾಡಿದಂತೆ ಆಗಬೇಕಿಲ್ಲ

ಒಕ್ಕೊರಲು ಎಂದರೆ ಎಲ್ಲರ ಕಂಠವೂ ಒಂದೇ ತರ ಇರಬೇಕು ಎಂದು ತಿಳಿಯುವವರಿದ್ದಾರೆ. ಬೇಕಿಲ್ಲ. ಒಂದೇ ಷಡ್ಜವನ್ನು ಹಾರ್ಮೋನಿಯಂ, ಕೊಳಲು, ಕಂಠ ಹೊರಡಿಸಿದರೂ ಯಾವುದು ಯಾವುದೆಂದು ನಮಗೆ ಗೊತ್ತಾಗುತ್ತದೆ, ಏಕೆಂದರೆ ಪ್ರತಿ ನಾದದಲ್ಲೂ ಮುಖ್ಯ ಕಂಪನದ ಜತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಸಣ್ಣ ಕಂಪನಗಳು ಸೇರಿರುತ್ತವೆ. ಯಾವುದು ಎಷ್ಟು ಸೇರಿದೆ ಎಂಬುದೇ ಪ್ರತಿ ದನಿಯ ಗುರುತು. ಆ ಗುರುತನ್ನು ಅಳಿಸಿಕೊಳ್ಳದೆಯೇ ದನಿ ಕೂಡಬಹುದು.

ಎಷ್ಟು ಮಂದಿ ಹಾಡುತ್ತಾರೆ ಎಂಬುದರ ಮೇಲೆ ಕಷ್ಟವೂ ಬದಲಾಗುತ್ತದೆ, ಅದೂ ನಾವೆಣಿಸಿದ್ದಕ್ಕೆ ತಿರುಗಾಮುರುಗ. ನಲವತ್ತು ಮಂದಿಯಲ್ಲಿ ಒಬ್ಬೊಬ್ಬರೂ ಒಂದೆರಡು ಹರ್ಟ್ಜ್ ಆಚೀಚೆ ಇದ್ದೇ ಇರುತ್ತಾರೆ. ಅವರ ನಡುವೆ ಹುಟ್ಟುವ ನೂರಾರು ಅಲೆಗಳು ಒಂದರೊಳಗೊಂದು ಬೆರೆತು, ಯಾವುದೂ ಬೇರೆಯಾಗಿ ಕೇಳದೆ, ತುಂಬಿದ ನಾದವಾಗಿ ಕಿವಿಗೆ ಬರುತ್ತವೆ. ಸಿಂಫನಿಯಲ್ಲಿ ಹತ್ತಾರು ವಯಲಿನ್‌ಗಳು ಒಂದೇ ಸಾಲು ನುಡಿಸುವಾಗ ಬರುವ ಮೆತ್ತನೆಯ ತುಂಬುನಾದ ಒಂದು ವಯಲಿನ್ನನ್ನು ಎಷ್ಟು ಜೋರು ಮಾಡಿದರೂ ಬಾರದು. ಇಬ್ಬರೇ ಹಾಡಿದರೆ ಒಂದೇ ಅಲೆ, ಅದು ಬೆತ್ತಲೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಕೇಳಿ ಬೆಳೆದವರಿಗೆ ಗಾನವೈಭವದ ದ್ವಂದ್ವ ಹಾಡುಗಾರಿಕೆ ಗೊತ್ತು. ಇಬ್ಬರು ಭಾಗವತರು ಸಾಲು ಹಂಚಿಕೊಂಡು ಹಾಡಿ ಕೊನೆಗೆ ಒಟ್ಟಾಗುವ ಜಾಗದಲ್ಲಿ ಸಭೆ ಉಸಿರು ಬಿಗಿಹಿಡಿಯುತ್ತದೆ. ತನ್ನ ಸಹಜ ಶ್ರುತಿಯನ್ನು ಇಬ್ಬರಲ್ಲೊಬ್ಬರಾದರೂ ಬಿಟ್ಟುಕೊಟ್ಟಿರುತ್ತಾರೆ. ಕೂದಲೆಳೆ ತಪ್ಪಿದರೂ ಮುಚ್ಚಿಕೊಳ್ಳಲು ಮೂರನೆಯ ದನಿ ಇಲ್ಲ. ಏಳೆಂಟು ಮಕ್ಕಳ ಸಮೂಹ ಗಾನ ಇವೆರಡರ ನಡುವೆ ಬರುತ್ತದೆ. ಅಡಗಲು ಜನ ಸಾಲರು, ಸರಿಹೊಂದಿಸಲು ಜನ ಹೆಚ್ಚು. ಅದರ ತೀರ್ಪು ಬಿಗಿಯಾಗಿರುವುದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ.

ಇಂಡೋನೇಷ್ಯದ ಬಾಲಿ ದ್ವೀಪದವರ ದಾರಿ ಬೇರೆ. ಅಲ್ಲಿನ ಗಮೆಲಾನ್ ಮೇಳದಲ್ಲಿ ಕಂಚಿನ ವಾದ್ಯಗಳನ್ನು ಜೋಡಿಯಾಗಿ ಮಾಡಿ, ಒಂದನ್ನು ಬೇಕೆಂದೇ ಇನ್ನೊಂದಕ್ಕಿಂತ ತುಸು ಮೇಲಿನ ಸ್ವರಕ್ಕೆ ಕೂಡಿಸುತ್ತಾರೆ. ನಾವು ನಿಲ್ಲಿಸಲು ಹೆಣಗುವ ಅಲೆಯೇ ಅವರಿಗೆ ನಾದದ ಜೀವ.

ಒಕ್ಕೊರಲನ್ನು ಸ್ವರಮೇಳದೊಂದಿಗೆ ಬೆರೆಸಬಾರದು. ಇಗರ್ಜಿಯ ಗಾಯನ ಮಂಡಳಿ ನಾಲ್ಕು ಭಾಗವಾಗಿ ನಿಂತು, ಒಂದೇ ಹೊತ್ತಿಗೆ ಒಂದೇ ಪದವನ್ನು ನಾಲ್ಕು ಬೇರೆಬೇರೆ ಸ್ವರಗಳಲ್ಲಿ ಹಾಡುವುದು ಸ್ವರಮೇಳ. ಅದೇ ಮಂಡಳಿ ಕೆಲವು ಸಾಲುಗಳನ್ನು ಎಲ್ಲರೂ ಒಂದೇ ಸ್ವರದಲ್ಲಿ ಹಾಡಿದರೆ ಆಗ ಯೂನಿಸನ್. ಯುರೋಪಿನ ಹಳೆಯ ಗ್ರೆಗೋರಿಯನ್ ಪ್ರಾರ್ಥನಾ ಗಾಯನ ಪೂರ್ತಿ ಈ ಎರಡನೆಯ ಬಗೆಯದು. ನಮ್ಮ ಸಂಗೀತದ ಅಡಿಪಾಯ ಒಂದೇ ಧಾಟಿ, ಅದರಡಿ ಬಿಡದೆ ನಿಲ್ಲುವ ಶ್ರುತಿ. ಕಛೇರಿಯಲ್ಲಿ ಕೃತಿ ಹಾಡುವಾಗ ಪಿಟೀಲು ಹಾಡುಗಾರರ ಜತೆಯಲ್ಲೇ ಸಾಗುತ್ತದೆ. ಆಲಾಪನೆಯಲ್ಲಿ ಮುಂದೆ ಏನು ಬರುತ್ತದೆಂದು ತಿಳಿಯದ ಕಾರಣ ಅರೆಗಳಿಗೆ ಹಿಂದಿನಿಂದ ಬರುತ್ತದೆ. ಅದನ್ನು ಒಕ್ಕೊರಲು ಎನ್ನುವುದಿಲ್ಲ, ಹಿಂಬಾಲಿಸುವುದು ಎನ್ನುತ್ತಾರೆ.

ಒಟ್ಟಿಗೆ ಉಸಿರಾಡುವುದು

ಒಟ್ಟಾಗಿ ಹಾಡಿದರೆ ಮನಸ್ಸಿಗೆ ಹಿತ ಎಂದು ಭಜನೆಗೆ ಹೋಗುವವರೆಲ್ಲ ಹೇಳುತ್ತಾರೆ. ಮೈಯಲ್ಲಿ ಏನಾಗುತ್ತದೆ ಎಂದು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಹದಿಹರೆಯದವರ ಗುಂಪು ಒಕ್ಕೊರಲಿನಲ್ಲಿ ಪ್ರಾರ್ಥನೆ ಹಾಡುವಾಗ ಅವರ ಎದೆಬಡಿತದ ವೇಗ ಒಟ್ಟೊಟ್ಟಿಗೇ ಏರಿ ಒಟ್ಟೊಟ್ಟಿಗೇ ಇಳಿಯುವುದು ಕಂಡಿತು. ಇದರಲ್ಲಿ ಪವಾಡವಿಲ್ಲ. ಉಸಿರು ಎಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಒಂದೇ ಹಾಡು ಹೇಳುವವರು ಒಂದೇ ಕಡೆ ಉಸಿರು ತೆಗೆದುಕೊಳ್ಳಲೇಬೇಕು. ಹಾಡು ಉಸಿರನ್ನು ಕೂಡಿಸುತ್ತದೆ, ಉಸಿರು ಎದೆಬಡಿತವನ್ನು.

“ನೀನು ಬಾಯಿ ಮಾತ್ರ ಆಡಿಸು”

ಕಲೋತ್ಸವದ ತಯಾರಿಯಲ್ಲಿ ಸ್ವರ ಕೂಡದ ಮಗುವಿಗೆ ಹೇಳುವ ಮಾತು ಇದು. ತಂಡ ಗೆಲ್ಲಬಹುದು, ಆದರೆ ಆ ಮಗು ತನಗೆ ಹಾಡಲು ಬಾರದು ಎಂದು ಆಯುಷ್ಯವಿಡೀ ನಂಬಿಕೊಳ್ಳುತ್ತದೆ. ಆ ನಂಬಿಕೆ ಹೆಚ್ಚಿನ ಸಲ ಸುಳ್ಳು. ಸ್ವರದ ಏರಿಳಿತವನ್ನೇ ಗುರುತಿಸಲಾಗದ ಹುಟ್ಟು ತೊಂದರೆ ಇರುವುದು ನಿಜ. ಸಂಶೋಧಕರ ಅಂದಾಜಿನಂತೆ ಅದು ನೂರಕ್ಕೆ ಒಂದೂವರೆಯಿಂದ ನಾಲ್ಕು ಮಂದಿಯಲ್ಲಿ ಮಾತ್ರ. ಉಳಿದವರಿಗೆ ಕಿವಿ ಸರಿಯಾಗಿಯೇ ಇದೆ. ಕೇಳಿದ್ದನ್ನು ಗಂಟಲಿಗೆ ತರುವ ಅಭ್ಯಾಸ ಆಗಿಲ್ಲ, ಇಲ್ಲವೇ ಗದ್ದಲದಲ್ಲಿ ತನ್ನ ದನಿ ತನಗೇ ಕೇಳುತ್ತಿಲ್ಲ. ಸುತ್ತ ಸದ್ದು ಹೆಚ್ಚಾದಂತೆ ಯಾರೇ ಆಗಲಿ ತಿಳಿಯದೆ ದನಿ ಏರಿಸುತ್ತಾರೆ. ಎಲ್ಲರೂ ಏರಿಸಿದರೆ ಯಾರಿಗೂ ಏನೂ ಕೇಳುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಸದ್ದು ತಗ್ಗಿಸುವುದು. ಶ್ರುತಿ ಪೆಟ್ಟಿಗೆಯೋ ಮೊಬೈಲಿನ ತಂಬೂರಿ ಆ್ಯಪೋ ಕೇಳುವಷ್ಟು ಮೆಲ್ಲಗೆ ಇಡೀ ತಂಡ ಬಾಯಿ ಮುಚ್ಚಿ ‘ಂ’ ಎಂದು ಷಡ್ಜ ಹಿಡಿಯಲಿ. ಸ್ವರ ತಪ್ಪುವ ಮಗುವಿಗೆ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿ, ಆಗ ತನ್ನ ದನಿ ತನಗೆ ಸ್ಪಷ್ಟವಾಗಿ ಕೇಳುತ್ತದೆ.

ಇಷ್ಟಕ್ಕೂ ಕೂಡದಿದ್ದರೆ ಟೀಚರ್ ತಮ್ಮ ಸ್ವರಕ್ಕೆ ಮಗುವನ್ನು ಎಳೆಯುವುದನ್ನು ಬಿಟ್ಟು, ಮಗು ಎಲ್ಲಿದೆಯೋ ಅಲ್ಲಿಗೆ ತಾವೇ ಹೋಗಬೇಕು. ಮಗುವಿನ ಹತ್ತಿರ ಕುಳಿತು “ನಿನಗೆ ಬಂದ ಹಾಗೆ ಒಂದು ‘ಊ’ ಎಳೆ” ಎನ್ನಲಿ. ಅದು ಎಳೆದ ಸ್ವರ ಯಾವುದೇ ಇರಲಿ, ಟೀಚರ್ ಅದೇ ಸ್ವರವನ್ನು ಹಿಡಿಯಲಿ. ಎರಡು ದನಿ ಕೂಡಿದಾಗ ನಡುಕ ನಿಂತದ್ದು ಮಗುವಿನ ಕಿವಿಗೂ ಬೀಳುತ್ತದೆ, ಬಹುಶಃ ಮೊದಲ ಸಲ. ಅಲ್ಲಿಂದ ಇಬ್ಬರೂ ‘ಊ’ ಬಿಡದೆ ಜಾರುತ್ತಾ ಒಂದು ಮನೆ ಮೇಲೆ, ಮತ್ತೊಂದು ಮನೆ ಮೇಲೆ ಹೋಗಲಿ. ತಪ್ಪಿದರೆ ಮತ್ತೆ ಮಗುವಿನ ಸ್ವರಕ್ಕೆ ಇಳಿದು ಸುರುಮಾಡಲಿ. ಷಡ್ಜ ಸಿಕ್ಕಿದ ಮೇಲೆ ಅದನ್ನು ಗಟ್ಟಿಯಾಗಿ ಹಾಡುವವರ ಪಕ್ಕದಲ್ಲಿ ನಿಲ್ಲಿಸದೆ, ಸರಿಯಾಗಿ ಹಾಡುವ ಇಬ್ಬರು ಮೆಲುದನಿಯವರ ನಡುವೆ ನಿಲ್ಲಿಸಿ. ದಿನಕ್ಕೆ ಐದು ನಿಮಿಷ ಸಾಕು. ಜೂನ್‌ನಲ್ಲಿ ಶಾಲೆ ತೆರೆದಾಗ ಸುರುಮಾಡಿದರೆ ಉಪಜಿಲ್ಲಾ ಕಲೋತ್ಸವಕ್ಕೆ ನಾಲ್ಕು ತಿಂಗಳಾದರೂ ಕೈಯಲ್ಲಿರುತ್ತದೆ.